ಮಂಚಕ್ಕೆ ಬದಲು ಕುರ್ಚಿ

4 ಜನವರಿ 2000, ಮಂಗಳವಾರ

ಇವತ್ತೂ ಹುಣಸೂರಿಗೆ ಹೋಗಿ ಬರಿಗೈಯಲ್ಲಿ ಬಂದೆ. ಇದು ನಾಲ್ಕನೆಯ ಫರ್ನಿಚರ್ ಅಂಗಡಿ. ಸೋಫಾ ಸೆಟ್‌ಗಳೆಲ್ಲ ಒಂದೇ ಅಚ್ಚು — ಮೆರೂನ್ ಬಟ್ಟೆ, ಹೊಳೆಯುವ ಮೊಳೆ. ಗಾವಡಗೆರೆಯಲ್ಲಿ ಹೊಗೆಸೊಪ್ಪಿನ ದುಡ್ಡು ಕಂಡವರ ಮನೆಯಲ್ಲೆಲ್ಲ ಇದೇ. ನಮ್ಮ ಹಾಲ್‌ಗೂ ಇದೇ ಬಂದರೆ ಹೊಸ ಮನೆ ಕಟ್ಟಿಸಿ ಏನು ಬಂತು?

ಫೆಬ್ರವರಿ 13ಕ್ಕೆ ಮಗಳು ರಮ್ಯಾಳನ್ನು ನೋಡಲು ಬರುತ್ತಾರೆ. ಹುಡುಗನ ಕಡೆಯವರು ಪಿರಿಯಾಪಟ್ಟಣದಾಚೆ, ಕೊಡಗಿನ ಗಡಿಯವರು. ಹೋದ ತಿಂಗಳು ಯಾವುದೋ ನೆಂಟಸ್ತಿಕೆಯ ನೆಪ ಮಾಡಿ ಅವರ ಮನೆ ನೋಡಿಕೊಂಡು ಬಂದಿದ್ದೆವು. ಹಾಲ್‌ನಲ್ಲಿ ಎಲ್ಲ ಹಳೆಯದು. ಬೆತ್ತದ ಕುರ್ಚಿ, ಕೆತ್ತನೆಯ ಕನ್ನಡಿ. "ಇದೆಲ್ಲ ಆಂಟಿಕ್" ಎಂದರು ಹುಡುಗನ ತಾಯಿ. ನಾನೂ ತಲೆಯಾಡಿಸಿದೆ. ಬಸ್ಸಿನಲ್ಲಿ ಇವರನ್ನು ಕೇಳಿದೆ, ಆಂಟಿಕ್ ಅಂದರೇನು ಅಂತ. "ಹಳೇದಕ್ಕೆ ಜಾಸ್ತಿ ದುಡ್ಡು ಕೇಳೋದು" ಅಂದರು. ಕಟ್ಟಿಕೊಂಡ ಕರ್ಮ.

9 ಜನವರಿ, ಭಾನುವಾರ

ಮೈಸೂರಿನಿಂದ ಹಳೇ ಸಾಮಾನಿನ ವ್ಯಾಪಾರಿ ವೀರಭದ್ರಸ್ವಾಮಿ ಬಂದಿದ್ದರು. ವ್ಯಾನ್‌ನಲ್ಲಿ ಒಂದು ಆರಾಮ ಕುರ್ಚಿ. ಕೊಡಗಿನ ಯಾವುದೋ ಬಂಗಲೆಯದಂತೆ. ಬೆತ್ತ ಹೆಣೆದದ್ದು, ಉದ್ದುದ್ದ ಕೈಗಳು, ಬೇಕಾದರೆ ಅವುಗಳ ಮೇಲೆ ಕಾಲು ಚಾಚಬಹುದು. ಕೂತೆ. ಆಹಾ! ಏಳಲು ಮನಸ್ಸೇ ಬರಲಿಲ್ಲ. ಆಳವಾಗಿರುವುದರಿಂದ ಏಳಲು ಆಗಲೂ ಇಲ್ಲ, ಇವರು ಕೈ ಕೊಟ್ಟು ಎಬ್ಬಿಸಿದರು.

ರೇಟು ಕೇಳಿ ಇವರ ಮುಖ ಬಿಳಿಚಿಕೊಂಡಿತು. ಅಷ್ಟರಲ್ಲಿ ಆ ಮನುಷ್ಯ ಕೈ ತೊಳೆಯಲು ಹಿಂದಕ್ಕೆ ಹೋದವರು ಅತ್ತೆಯ ಕೋಣೆಯ ಬಾಗಿಲಲ್ಲೇ ನಿಂತುಬಿಟ್ಟರು. ಬೀಟೆ ಮರದ ಮಂಚ. ತಲೆಯ ಕಡೆ ಗಿಳಿಗಳ ಕೆತ್ತನೆ. "ದುಡ್ಡು ಬೇಡಮ್ಮಾ. ಈ ಮಂಚ ಕೊಡಿ, ಕುರ್ಚಿ ಇಳಿಸಿ ಹೋಗ್ತೀನಿ" ಅಂದರು.

ಇಪ್ಪತ್ತೆರಡು ವರ್ಷ ಆ ಮಂಚದ ಕೆಳಗೆ ಗುಡಿಸಿದ್ದೇನೆ. ಒಂದು ದಿನವೂ ಕಣ್ಣೆತ್ತಿ ನೋಡಿರಲಿಲ್ಲ. ಬೇರೆಯವರ ಮನೆಯ ಹಳೆಯದು ಆಂಟಿಕ್, ನಮ್ಮ ಮನೆಯದು ಗುಜರಿ ಅಂದುಕೊಂಡಿದ್ದೆ.

10 ಜನವರಿ

ಅತ್ತೆ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ವಿಷಯ ತೆಗೆದೆ.

"ಕೆ.ಆರ್. ನಗರದಿಂದ ನಮ್ಮಪ್ಪ ಗಾಡಿಲಿ ಹೇರ್ಕೊಂಡು ಬಂದು ಇಳಿಸ್ದ ಮಂಚ ಕಣಮ್ಮಿ ಅದು. ನಿನ್ ಗಂಡ ಚೆಲ್ವ ಹುಟ್ಟಿದ್ದೂ ಅದರ ಮ್ಯಾಲೇ. ನಾನ್ ಸತ್ತ ಮ್ಯಾಕೆ ಏನಾರ ಮಾಡ್ಕೊ, ಬುಡು."

"ಯಾವಾಗ ಅತ್ತೆ?" ಅಂದುಬಿಟ್ಟೆ.

ತಮಾಷೆ ಅಂದುಕೊಂಡು ನಕ್ಕಳು ಮುದುಕಿ. ಬಾಯಲ್ಲಿ ಮೂರು ಹಲ್ಲಿಲ್ಲ, ಆಸೆಗೆ ಮಾತ್ರ ಕಮ್ಮಿಯಿಲ್ಲ.

18 ಜನವರಿ, ಮಂಗಳವಾರ

ಹಬ್ಬದ ಮಾರನೆಯ ದಿನದಿಂದ ಅತ್ತೆಗೆ ಜ್ವರ. ಹುಣಸೂರಿನ ಡಾಕ್ಟರು ಬಂದು ಸೂಜಿ ಚುಚ್ಚಿದರು. ಎದೆಯಲ್ಲಿ ಕಫ ಕಟ್ಟಿದೆ, ವಯಸ್ಸಾಗಿದೆ, ನೋಡೋಣ ಅಂದರು. ಇವರು ಹೊರಗೆ ಹೋಗಿ ಕಣ್ಣೊರೆಸಿಕೊಂಡರು.

ನಾನು ಎಸ್‌ಟಿಡಿ ಬೂತ್‌ಗೆ ಹೋಗಿ ವೀರಭದ್ರಸ್ವಾಮಿಗೆ ಫೋನ್ ಮಾಡಿದೆ. ಸ್ವಲ್ಪ ದಿನ ಕಾಯಿರಿ ಅಂತ. ಮನುಷ್ಯ ಚಾಲಾಕು. "ಅಮ್ಮಾ, ಒಂದು ಮಾತು. ಪ್ರಾಣ ಹೋದ ಮಂಚ ನಾನು ಮುಟ್ಟಲ್ಲ. ನೀವು ಹೇಳದೆ ಇದ್ರೂ ಊರವರು ಹೇಳ್ತಾರೆ."

ಅದು ನನಗೆ ಗೊತ್ತಿಲ್ಲವೇ? ನಮ್ಮಲ್ಲೂ ಅಷ್ಟೇ. ಜೀವ ಹೋಗುವ ಮುಂಚೆ ನೆಲಕ್ಕೆ ಇಳಿಸಬೇಕು. ಇಳಿಸದಿದ್ದರೆ ಮಂಚವೂ ಹೆಣದ ಹಿಂದೆ ಸುಡುಗಾಡಿಗೆ. ನಮ್ಮ ದೊಡ್ಡಮಾವ ರಾತ್ರಿ ಮಲಗಿದವರು ಏಳಲೇ ಇಲ್ಲ, ತೇಗದ ಮಂಚ ಹಾಗೇ ಬೂದಿಯಾಯಿತು.

ಹೊತ್ತು ನೋಡಿಕೊಂಡಿರಬೇಕು.

20 ಜನವರಿ, ಗುರುವಾರ

ಬೆಳಿಗ್ಗೆ ಎದೆಯಲ್ಲಿ ಗೊರಗೊರ ಸದ್ದು. ಮೇಲುಸಿರೋ ಕಫವೋ ಗೊತ್ತಾಗಲಿಲ್ಲ. ಸುಳ್ಳೇಕೆ, ಇದನ್ನು ಓದುವವರು ಯಾರು — ಕಫ ಅಂತ ಗೊತ್ತಿತ್ತು.

"ಮೇಲುಸಿರು ಬಂತು ಕಣ್ರೀ!" ಅಂತ ಕೂಗಿದೆ. ಇವರು ಓಡಿಬಂದರು. ಪಕ್ಕದ ಮನೆಯ ತಿಮ್ಮಮ್ಮ ಬಂದಳು. ಕೆಳಗೆ ಕಂಬಳಿ ಹಾಸಿದೆ. ಎತ್ತುವಾಗ ಮುದುಕಿ ಕಣ್ಣು ಬಿಟ್ಟಳು. ಮಂಚದ ಕಾಲು ಹಿಡಿದುಕೊಂಡಳು.

"ಚೆಲ್ವಾ... ಯಾಕ್ಲಾ ಇಳಿಸ್ತಿದ್ದೀರಿ? ನಾನು ಸಾಯಕಿಲ್ಲ ಕಣ್ಲಾ."

ಇವರ ಕೈ ನಿಂತೇಹೋಯಿತು. "ಸಾಯೋರೆಲ್ಲ ಅಂಗೇ ಅನ್ನೋದು, ಎತ್ತಿ" ಅಂದೆ. ಎತ್ತಿದರು. ತಿಮ್ಮಮ್ಮ ಬಾಯಿಗೆ ತುಳಸಿ ನೀರು ಬಿಟ್ಟಳು. ಮುದುಕಿ ಕೆಮ್ಮಿ ಉಗಿದಳು.

21 ಜನವರಿ

ಸತ್ತಿಲ್ಲ. ಗಂಜಿ ಕೇಳಿದಳು.

22 ಜನವರಿ

ಮೊಸಾಯಿಕ್ ನೆಲ ಮಂಜುಗಡ್ಡೆಯ ಹಾಗಿದೆ. ಇವರು ಅಮ್ಮನನ್ನು ಮತ್ತೆ ಮಂಚಕ್ಕೆ ಹಾಕೋಣವಾ ಅಂದರು. ತಿಮ್ಮಮ್ಮನೇ ಅಡ್ಡ ಬಂದಳು. "ಒಂದ್ಸಲ ಇಳಿಸಿದ ಮ್ಯಾಕೆ ಹತ್ತಿಸಬಾರ್ದು ಕಣಣ್ಣ, ಮನೆಗೆ ಕೇಡು." ಅವಳ ಬಾಯಿಗೆ ಸಕ್ಕರೆ ಹಾಕಬೇಕು. ನಾನು ಇನ್ನೊಂದು ಕಂಬಳಿ ಕೊಟ್ಟೆ. ಯಾರೂ ಬೆರಳು ತೋರಿಸುವ ಹಾಗಿಲ್ಲ.

24 ಜನವರಿ, ಸೋಮವಾರ

ವ್ಯಾನ್ ಬಂತು. ಮಂಚವನ್ನು ಬಾಗಿಲಲ್ಲಿ ಓರೆ ಮಾಡಿ, ಅವಳ ತಲೆಯ ಮೇಲಿಂದಲೇ ದಾಟಿಸಿದರು. ಬೇರೆ ದಾರಿ ಇರಲಿಲ್ಲ. ನೆಲದಲ್ಲಿ ಮಲಗಿದ್ದವಳು ನೋಡುತ್ತಲೇ ಇದ್ದಳು. "ಪಾಲಿಶ್‌ಗೆ ಕಳಿಸ್ತಿದ್ದೀವಿ ಕಣವ್ವ" ಅಂದರು ಇವರು. ಆ ಸುಳ್ಳನ್ನಾದರೂ ನೆಟ್ಟಗೆ ಹೇಳಲು ಬರಲಿಲ್ಲ.

ಕುರ್ಚಿ ಹಾಲ್‌ನಲ್ಲಿ ಕಿಟಕಿಯ ಪಕ್ಕ. ಹುಣಸೂರಿನಿಂದ ಸೋಫಾವನ್ನೂ ತರಿಸಿದೆ, ಮೆರೂನ್ ಅಲ್ಲ, ಹಸಿರು. ಹಳೆಯದು ಒಂದು, ಹೊಸದು ಒಂದು, ಚೆನ್ನಾಗಿ ಹೊಂದುತ್ತದೆ. ಸಂಜೆ ಒಬ್ಬಳೇ ಕುರ್ಚಿಯಲ್ಲಿ ಕೂತು ಕಾಫಿ ಕುಡಿದೆ. ಸುಖವಾಗಿತ್ತು.

3 ಫೆಬ್ರವರಿ, ಗುರುವಾರ

ಮುದುಕಿ ಎದ್ದು ಕೂತಳು. ಗೋಡೆ ಹಿಡಿದು ಬಚ್ಚಲಿಗೆ ಹೋಗಿಬಂದಳು. ಡಾಕ್ಟರಿಗೆ ಆಶ್ಚರ್ಯ. ನೆಲದ ಥಂಡಿ ಆಗದು, ಮಂಚ ಕೊಡಿ ಅಂದರು. ಇವರು ನನ್ನ ಮುಖ ನೋಡಿದರು. ನಾನು ಡಾಕ್ಟರಿಗೆ ಕಾಫಿ ತರಲು ಒಳಗೆ ಹೋದೆ.

ಯಾರು ಬಂದರೂ ಅವಳದು ಒಂದೇ ಮಾತು. "ನನ್ನ ಇಳ್ಸಾಯ್ತು ಕಣವ್ವ. ಸುಮ್ನೆ ಕಾಯ್ಕಂಡಿದೀನಿ." ಹುಡುಗನ ಕಡೆಯವರ ಮುಂದೆಯೂ ಹೀಗೇ ಅಂದರೆ? 13ಕ್ಕೆ ಹಿಂದಿನ ಕೋಣೆಗೆ ಚಿಲಕ ಹಾಕಬೇಕು.

9 ಫೆಬ್ರವರಿ, ಬುಧವಾರ

ತಿಮ್ಮಮ್ಮ ಬಾಯಿ ಬಿಟ್ಟಿದ್ದಾಳೆ. ಮಂಚ ಪಾಲಿಶ್‌ಗೆ ಹೋಗಿಲ್ಲ ಅಂತ ಮುದುಕಿಗೆ ಗೊತ್ತಾಗಿದೆ. ಕಿರುಚುತ್ತಾಳೆ ಅಂದುಕೊಂಡೆ, ಇಲ್ಲ. ಕೋಲೂರಿಕೊಂಡು ಹಾಲ್‌ಗೆ ಬಂದಳು. ಕುರ್ಚಿಯ ಕೈ ಸವರಿದಳು.

"ನನ್ ಮಂಚಕ್ಕೆ ಬಂದದ್ದು ಇದೇನಾ?"

"ಹೂಂ."

"ಅಂಗಾರೆ ಇದು ನಂದೇ ಬುಡು."

"ಅದರಲ್ಲಿ ಕೂರಬೇಡಿ ಅತ್ತೆ, ಬೆತ್ತ ಕಿತ್ತೋಗುತ್ತೆ" ಅಂದೆ. ಕೂರಲಿಲ್ಲ. ಕೆಮ್ಮು ಮತ್ತೆ ಜಾಸ್ತಿಯಾಗಿದೆ. ಇವರು ಮೂರು ದಿನದಿಂದ ನನ್ನ ಜೊತೆ ಮಾತಾಡುತ್ತಿಲ್ಲ. ಆಡದಿರಲಿ. ಎತ್ತಿದ ಕೈಗಳು ಅವರವೇ.

12 ಫೆಬ್ರವರಿ, ಶನಿವಾರ. ಬೆಳಿಗ್ಗೆ 11.10

ಇವರೂ ರಮ್ಯಾಳೂ ಹಣ್ಣು ಹೂವು ತರಲು ಹುಣಸೂರಿಗೆ ಹೋಗಿದ್ದಾರೆ. ಹಿತ್ತಲಿನಿಂದ ಬಂದು ನೋಡಿದರೆ ಮುದುಕಿ ಆರಾಮ ಕುರ್ಚಿಯಲ್ಲಿ. ಸ್ನಾನ ಮಾಡಿದ್ದಾಳೆ. ಒಗೆದ ಸೀರೆ ಉಟ್ಟಿದ್ದಾಳೆ. ಎರಡೂ ಕೈಗಳಲ್ಲಿ ಕುರ್ಚಿಯ ಕೈಗಳನ್ನು ಹಿಡಿದಿದ್ದಾಳೆ. ಉಸಿರು ಎಳೆದು ಎಳೆದು ಬರುತ್ತಿದೆ. ಇದು ಕಫವಲ್ಲ.

"ಅತ್ತೆ, ಇಳೀರಿ. ನಿಮ್ಮ ಕಾಲಿಗೆ ಬೀಳ್ತೀನಿ."

"ಒಂದ್ಸಲ ಇಳಿಸ್ದೆಯಲ್ಲ... ಎಲ್ಡನೇ ಸಲ ಇಳಿಯಕಿಲ್ಲ ಕಣಮ್ಮಿ."

ಕಂಕುಳಿಗೆ ಕೈ ಹಾಕಿ ಎತ್ತಿದೆ. ಬರಲಿಲ್ಲ. ಈ ಹಾಳು ಆಳ. ತಿಮ್ಮಮ್ಮನನ್ನು ಕೂಗಿದೆ. ಹೊಸಲಿನ ಹೊರಗೇ ನಿಂತಳು. "ನಾ ಮುಟ್ಟಕಿಲ್ಲ. ಆವತ್ತು ಮುಟ್ಟಿದ್ದೇ ಸಾಕು." ಹೋದಳು.

11.25

ಎಡಗೈಯ ಮೂರು ಬೆರಳು ಬಿಡಿಸಿದೆ. ಬಲಗೈಗೆ ಹೋಗುವಷ್ಟರಲ್ಲಿ ಎಡಗೈ ಮತ್ತೆ ಬಿಗಿಯಾಯಿತು. ಮಾತು ನಿಂತಿದೆ. ಕಣ್ಣು ಮಾತ್ರ ನನ್ನ ಮೇಲೆ. ಪೆನ್ನು ಯಾಕೆ ಹಿಡಿದೆನೋ, ಕೈ ಸುಮ್ಮನಿರುತ್ತಿಲ್ಲ. ನಾಳೆ ಹತ್ತು ಗಂಟೆಗೆ ಅವರು ಬರುತ್ತಾರೆ. ಹೆಣ ಆದರೆ ಇನ್ನೊಂದು ದಿನ ಗೊತ್ತು ಮಾಡಬಹುದು. ಕುರ್ಚಿ? ಇಂಥದ್ದು ಇನ್ನೆಲ್ಲಿ ಹುಡುಕಲಿ?

11.40

ಬಸ್ಸು ಬಂದು ನಿಂತ ಸದ್ದು. ಇವರು ಬಂದರೆ ಇಬ್ಬರೂ ಹಿಡಿದು ಇಳಿಸಬಹುದು. ಇಳಿಸುತ್ತಾರಾ? ಇಳಿಸಲೇಬೇಕು, ಕೈ ಮುಗಿದು ಕೇಳುತ್ತೇನೆ. ಉಸಿರು ಇನ್ನೂ ಇದೆ. ಬಂತು. ಇನ್ನೊಂದು ಬಂತು. ಗೇಟು ತೆಗೆದರು. ಇನ್ನೊಂದು ಬರಬೇಕು, ಇಷ್ಟು ಹೊತ್ತಿಗೆ ಬರಬೇಕಿತ್ತು —