ಹೈಫಾ ದಂಡೆ ಮತ್ತು ಅಜ್ಜಿಯ ಬಳೆ

ಹೈಫಾ
೨೩ ಆಗಸ್ಟ್ ೧೯೯೮

ನನ್ನ ಅಮ್ಮನಿಗೆ,

ಶಾರದಳ ನಮಸ್ಕಾರ. ಕಣ್ಣಿನ ಪೊರೆಯ ಕಾಟ ಹೇಗಿದೆ? ಇದನ್ನು ತಮ್ಮ ಮೃತ್ಯುಂಜಯನೇ ಓದಿ ಹೇಳುತ್ತಿರುತ್ತಾನೆ. ಅವಸರ ಮಾಡಬೇಡ ಎಂದು ಅವನಿಗೆ ಹೇಳು.

ಹನಿ ನೀರಾವರಿ ತರಬೇತಿಗೆ ನಿನ್ನೆ ಬಿಡುವಿತ್ತು. ಕೊಚ್ಚಿಯಿಂದ ಬಂದು ಇಲ್ಲೇ ನೆಲೆಸಿರುವ ಯೆಹೂದಿ ಮುದುಕರೊಬ್ಬರ ಕಾರಿನಲ್ಲಿ, ಅಕ್ಕೋ ಎಂಬ ಕೋಟೆಯೂರಿನಿಂದ ಹೈಫಾದವರೆಗೆ ಕಡಲ ದಂಡೆ ಹಿಡಿದು ಬಂದೆ. ಬಲಕ್ಕೆ ನೀಲಿ ನೀರು, ಎದುರಿಗೆ ಕಾರ್ಮೆಲ್ ಬೆಟ್ಟ. ನಮ್ಮ ಚಾಮುಂಡಿ ಬೆಟ್ಟವನ್ನೇ ಸಮುದ್ರಕ್ಕೆ ಕಾಲು ಇಳಿಬಿಟ್ಟು ಕೂರಿಸಿದ ಹಾಗೆ. ಮರಳೋ, ತಲಕಾಡಿನದಕ್ಕಿಂತ ನುಣುಪು. ಸಾವಿರದ ಒಂಬೈನೂರ ಹದಿನೆಂಟನೇ ಇಸವಿಯ ಮಹಾಯುದ್ಧದಲ್ಲಿ ಮೈಸೂರಿನ ಕುದುರೆ ಪಡೆ ಕಾದಾಡಿದ್ದು ಈ ಸೀಮೆಯಲ್ಲೇ. ಈಗ ಅಲ್ಲಿ ಮಕ್ಕಳು ಚೆಂಡಾಡುತ್ತಿದ್ದರು. ನಿಮ್ಮೂರಿನವರು ಕುದುರೆ ಮೇಲೆ ಬೆಟ್ಟ ಹತ್ತಿದರು, ನೀವು ಕಾರಿನಲ್ಲಿ ಕೂತೇ ಕಣ್ಣು ಮುಚ್ಚಿಕೊಳ್ಳುತ್ತೀರಲ್ಲ ಎಂದು ಮುದುಕರು ಛೇಡಿಸಿದರು. ಬೆಟ್ಟದ ತಿರುವುಗಳು ಹಾಗಿದ್ದವು.

ಏಕೆ ಬಂದಿರಿ ಎಂದು ಅವರು ಕೇಳಿದಾಗ, ನೀನು ಹೇಳುವ ಕತೆಯನ್ನೇ ಹೇಳಿದೆ. ನೀನು ತೊಟ್ಟಿಲಲ್ಲಿದ್ದಾಗ ನಿನ್ನಪ್ಪ, ನಮ್ಮ ಲಿಂಗಯ್ಯ ತಾತ, ಆ ಪಡೆಯ ಜೊತೆ ಹೋದರು. ತಿರುಗಿ ಬರಲಿಲ್ಲ, ಸಾವಿನ ಸುದ್ದಿಯೂ ಬರಲಿಲ್ಲ. ನಮ್ಮ ಮನೆಯಲ್ಲೇ ಬಾಳಿದ ಅಜ್ಜಿ, ಹೆಣ ಕಂಡೋರು ಯಾರು ಅನ್ನುತ್ತ, ಕುಂಕುಮ ಅಳಿಸದೆ ಮುತ್ತೈದೆಯಾಗಿಯೇ ಹೋದಳು. ಅದಕ್ಕೇ ಹಿರಿಯರ ಹಬ್ಬದಲ್ಲಿ ಅವಳ ಎಡೆಗೆ ಹಸಿರು ಬಳೆ ಇಡುತ್ತೇವೆ. ತಾತನಿಗೆ ಎಲೆಯನ್ನೇ ಹಾಕುವುದಿಲ್ಲ. ನಾನು ಹೊರಟಾಗ, ಹೈಫಾದಲ್ಲಿ ಸತ್ತ ಸೈನಿಕರ ಕಲ್ಲಿನಲ್ಲಿ ತಾತನ ಹೆಸರು ಸಿಕ್ಕರೆ ಬಳೆ ನಿಲ್ಲಿಸೋದೇ ಸರಿ ಎಂದು ಮೃತ್ಯುಂಜಯ ಪಟ್ಟು ಹಿಡಿದ. ನೀನು ನನ್ನ ಕೈ ಹಿಡಿದು, ಸತ್ತ ಮ್ಯಾಲೆ ನಮ್ಮವ್ವನ ಬಳೆ ಒಡೆಸ್ಬ್ಯಾಡ ಕಣಮ್ಮ ಅಂದೆ.

ಮುದುಕರು ನೇರ ಸೈನಿಕರ ಸ್ಮಶಾನದ ಮುಂದೆ ಕಾರು ನಿಲ್ಲಿಸಿದರು.

ಬೆರಳಿಟ್ಟು ಎಲ್ಲ ಓದಿದೆ. ತಾತನ ಹೆಸರಿಲ್ಲ ಅಮ್ಮ. ನೆಮ್ಮದಿಯಾಗಿರು. ಈ ಸಲದ ಬಳೆಯನ್ನು ದೇವರಾಜ ಮೊಹಲ್ಲಾದಿಂದ ತರಿಸಿ, ನೀನೇ ಮುಟ್ಟಿ ನೋಡಿ ಆರಿಸು.

ನಿನ್ನ ಮಗಳು,
ಶಾರದ

ವಿ.ಸೂ.: ಮೃತ್ಯುಂಜಯ, ಇಲ್ಲಿಂದ ಗಟ್ಟಿಯಾಗಿ ಓದಬೇಡ. ಹೆಸರಿದೆ. ಲಿಂಗಯ್ಯ, ಮೈಸೂರು. ಕೈಯಿಟ್ಟು ಬಂದಿದ್ದೇನೆ. ಆದರೂ ಬಳೆ ನಿಲ್ಲಿಸುವ ಮಾತು ಇನ್ನು ನಮ್ಮ ಮನೆಯಲ್ಲಿ ಬೇಡ. ಅಕ್ಕ ಹೇಳ್ತಾ ಇದೀನಿ, ಅಷ್ಟೇ. ತಾತನನ್ನು ಇನ್ನೂ ಹಸಿವಿನಲ್ಲಿ ಕೂರಿಸುವುದೂ ತಪ್ಪು. ಅಜ್ಜಿಯ ಎಲೆಯ ಪಕ್ಕದಲ್ಲಿ ಇನ್ನೊಂದು ಎಲೆ ಹಾಕು. ಯಾರಿಗೆ ಎಂದು ಅಮ್ಮ ಕೇಳಿದರೆ, ತಾತನ ಕುದುರೆಗೆ ಅನ್ನು.