ಮೊದಲ ಲೋಟದ ನೀರು

ಸಂಸ್ಥೆಯ ಆಫೀಸು, ಮೂರನೇ ಮಹಡಿ
ಮಾರ್ಚ್ ೧೨, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಕೆಮ್ಮು ಕಡಿಮೆಯಾಯಿತಾ? ಅಲ್ಲಿಯ ಶಾಲೆಗಳಿಗೆ ಬೆಳಗ್ಗೆ ಐದಕ್ಕೇ ಓಡುತ್ತೀಯಂತೆ, ಸ್ವೆಟರ್ ಕೂಡ ಹಾಕಿಕೊಳ್ಳದೆ. ಅಮ್ಮ ಅದಕ್ಕೆ ದಿನಕ್ಕೆರಡು ಸಲ ನನ್ನನ್ನು ಬೈಯುತ್ತಾಳೆ; ನೀನು ಕೈಗೆ ಸಿಗುವುದಿಲ್ಲವಲ್ಲ, ನಾನು ಎದುರಿಗಿದ್ದೇನೆ. ಅಪ್ಪನ ಮಂಡಿನೋವು ಹಾಗೇ ಇದೆ. ನಾನು ಚೆನ್ನಾಗಿದ್ದೇನೆ, ಅಂದರೆ ಊಟ ಸೇರುತ್ತಿದೆ. ಉಳಿದದ್ದನ್ನು ನೀನು ಕೇಳದಿದ್ದರೂ ಹೇಳುತ್ತೇನೆ.

ನಿನ್ನೆ ವಿಜ್ಞಾನಿಗಳ ಮೌಲ್ಯಮಾಪನದ ಪಟ್ಟಿ ಗೋಡೆಗೆ ಅಂಟಿಸಿದರು. ಕೆಲಸದಲ್ಲಿ ಉಳಿಯಲು ಐವತ್ತು ಅಂಕ ಬೇಕಿತ್ತು. ನಿನಗೆ ನಲವತ್ತನಾಲ್ಕು. ಶಾಲೆಗಳ ನೀರು ಪರೀಕ್ಷಿಸುವ ನಿನ್ನ ಯೋಜನೆ ಈ ತಿಂಗಳಿಗೆ ಮುಗಿಯಿತು, ಬಾಟಲಿಗಳನ್ನು ಕಟ್ಟಿಕೊಂಡು ವಾಪಸ್ ಬಾ ಎನ್ನುವ ಕಾಗದ ಇದರ ಹಿಂದೆಯೇ ಬರುತ್ತದೆ. ಅದಕ್ಕಿಂತ ಮೊದಲು ನನ್ನ ಕೈಬರಹ ನಿನಗೆ ಸಿಗಲಿ ಅಂತ ಊಟದ ಡಬ್ಬಿ ಮುಚ್ಚಿಟ್ಟು ಬರೆಯುತ್ತಿದ್ದೇನೆ.

ಒಂಬತ್ತನೇ ಕ್ಲಾಸಿನಲ್ಲಿ ಶಾಲೆಗೆ ಕೈಮುಗಿದು ಬಂದಾಗ ಅಂಕದ ಕಾಟ ತಪ್ಪಿತು ಅಂದುಕೊಂಡಿದ್ದೆ. ಇಲ್ಲಿ ಟೈಪ್ ಮಾಡಲು ಕೂತ ಮೇಲೆ ನೋಡಿದರೆ ತಲೆ ನೆರೆತವರೂ ಅಂಕಕ್ಕೆ ಬಾಯಿಬಿಡುತ್ತಾರೆ. ಎಷ್ಟು ಪ್ರಬಂಧ ಅಚ್ಚಾಯಿತು, ಎಂಥ ಪತ್ರಿಕೆಯಲ್ಲಿ, ಎಷ್ಟು ಜನ ಅದನ್ನು ತಮ್ಮ ಪ್ರಬಂಧದಲ್ಲಿ ಉಲ್ಲೇಖಿಸಿದರು, ಇಷ್ಟೇ ಕಾಲಂ. ಎದುರು ಕೋಣೆಯ ಸಿಮೆಂಟ್ ತಜ್ಞರಿಗೆ ತೊಂಬತ್ತೊಂದು. ಒಂದೇ ಕೆಲಸವನ್ನು ಏಳು ತುಂಡು ಮಾಡಿ ಏಳು ಪ್ರಬಂಧ ಬರೆದಿದ್ದಾರೆ. ಏಳನ್ನೂ ಫೈಲಿಗೆ ಸೇರಿಸಿದವಳು ನಾನು. ಮೊದಲ ಐದು ಪುಟ ಏಳರಲ್ಲೂ ಒಂದಕ್ಷರ ಬದಲಾಗದೆ ಅವೇ. ಏಳನೆಯದು ಆರನೆಯದನ್ನು ಉಲ್ಲೇಖಿಸುತ್ತದೆ, ಆರನೆಯದು ಐದನೆಯದನ್ನು. ತಮ್ಮ ಬೆನ್ನು ತಾವೇ ತಟ್ಟಿಕೊಳ್ಳಲು ಎಷ್ಟು ಉದ್ದದ ಕೈ ಬೇಕು ನೋಡು! ನಿನ್ನಿಂದಾಗಿ ಒಂಬತ್ತು ಶಾಲೆಗಳಲ್ಲಿ ಹಳೆಯ ಸೀಸದ ಕೊಳವೆ ಕಿತ್ತು ಹೊಸದು ಹಾಕಿದರಲ್ಲ, ಅದನ್ನು ಎಲ್ಲಿ ಬರೆಯಲಿ ಅಂತ ಹೆಡ್‌ಕ್ಲಾರ್ಕನ್ನು ಕೇಳಿದೆ. "ನಲ್ಲಿ ರಿಪೇರಿಗೆಲ್ಲ ಕಾಲಂ ಇಲ್ಲಮ್ಮಾ" ಅಂದು ನಕ್ಕರು. ಮೈ ಉರಿದುಹೋಯಿತು.

ಇಷ್ಟು ಉರಿಯಲು ಕಾರಣ ನಿನಗೂ ಗೊತ್ತು. ಆರು ವರ್ಷದ ಹಿಂದೆ, ಶಾಲೆ ಬಿಟ್ಟು ಅಲೆಯುತ್ತಿದ್ದ ನನ್ನನ್ನು ಬಾಟಲಿ ತುಂಬುವ ಕೆಲಸಕ್ಕೆ ಹಚ್ಚಿದವಳು ನೀನು. ರಾತ್ರಿಯೆಲ್ಲ ಕೊಳವೆಯಲ್ಲಿ ನಿಂತ ನೀರನ್ನು, ನಲ್ಲಿ ತಿರುಗಿಸಿದ ತಕ್ಷಣ ಬರುವ ಮೊದಲ ಲೋಟವನ್ನೇ ಹಿಡಿಯಬೇಕಿತ್ತು. ಮಕ್ಕಳ ಮೈಗೆ ವಿಷವಾಗುವ ಸೀಸ ಕರಗಿರುವುದು ಅದರಲ್ಲೇ. ನಾನೋ, ಮನೆಯಲ್ಲಿ ಮಾಡುವ ಹಾಗೆ ಮೊದಲ ನೀರು ಚೆಲ್ಲಿ, ತಣ್ಣಗೆ ತಿಳಿಯಾಗಿ ಬಂದದ್ದನ್ನು ತುಂಬಿದೆ. ನಲವತ್ತು ಶಾಲೆ! ನೀರು ಚೆನ್ನಾಗಿದೆ ಅಂತ ನೀನು ಬರೆದೆ, ಎಲ್ಲರೂ ಕೊಂಡಾಡಿದರು, ಇನ್ನೂರು ಜನ ಉಲ್ಲೇಖಿಸಿದರು. ಎರಡು ವರ್ಷದ ಮೇಲೆ ಊಟಕ್ಕೆ ಕೂತಾಗ, ಯಾವುದೋ ಮಾತಿಗೆ ನಾನು ನೀರು ಚೆಲ್ಲುತ್ತಿದ್ದದ್ದನ್ನು ಹೇಳಿದೆ. ನೀನು ಬೈಯಲಿಲ್ಲ. ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟು "ಎಲ್ಲಾ ಶಾಲೇಲೂನಾ?" ಅಂದೆ, ಅಷ್ಟೇ. ಮರುದಿನವೇ ಪತ್ರಿಕೆಗೆ ತಪ್ಪಾಗಿದೆ ಅಂತ ಬರೆದು ಪ್ರಬಂಧ ವಾಪಸ್ ಪಡೆದೆ. ಮತ್ತೆ ಅದೇ ನಲವತ್ತು ಶಾಲೆ, ಈ ಸಲ ನೀನೇ. ಮೂರು ವರ್ಷ ಹಿಡಿಯಿತು. ಆ ಮೂರು ವರ್ಷಕ್ಕೆ ಪಟ್ಟಿಯಲ್ಲಿ ಸೊನ್ನೆ. ತಪ್ಪನ್ನು ಒಪ್ಪಿಕೊಳ್ಳದಿದ್ದರೆ ಇವತ್ತು ನೀನು ದೊಡ್ಡ ವಿಜ್ಞಾನಿ, ಆ ಮಕ್ಕಳು ಇವತ್ತೂ ಸೀಸ ಕುಡಿಯುತ್ತಿದ್ದರು. ಇದು ಯಾವ ಸೀಮೆಯ ನ್ಯಾಯ? ಸಮಿತಿಯವರಲ್ಲಿ ಒಬ್ಬರಾದರೂ ನಿನ್ನ ಒಂದು ಪುಟ ಓದಿದರಾ? ಫೈಲನ್ನು ಅವರ ಮೇಜಿನ ಮೇಲಿಟ್ಟವಳೂ ನಾನೇ, ವಾಪಸ್ ತಂದವಳೂ ನಾನೇ. ದಾರಕ್ಕೆ ನಾನು ಹಾಕಿದ ಗಂಟು ಹಾಗೇ ಇತ್ತು. ಮೇಲಿಟ್ಟಿದ್ದ ಅಂಕದ ಹಾಳೆಯೊಂದಕ್ಕೆ ಮಾತ್ರ ಸಹಿ ಬಿದ್ದಿತ್ತು.

ಅಮ್ಮನಿಗೆ ಇನ್ನೂ ಹೇಳಿಲ್ಲ. ಅವಳ ಹಾರೈಕೆ, ಅಪ್ಪನ "ಹುಷಾರು" ಎರಡನ್ನೂ ಇದರಲ್ಲೇ ಮಡಿಸಿಟ್ಟಿದ್ದೇನೆ. ಸ್ವೆಟರ್ ಹಾಕಿಕೋ.

ನಿನ್ನ ತಂಗಿ,
ಪಟಾಕಿ

ತಾ.ಕ.: ಇದು ಮರೆತು ಬಿಟ್ಟದ್ದಲ್ಲ, ಧೈರ್ಯ ಸಾಲದೆ ಬಿಟ್ಟದ್ದು. ಅಂಕ ಕೂಡಿಸಲು ಕಂಪ್ಯೂಟರಿನಿಂದ ಬಂದ ನಿನ್ನ ಪ್ರಬಂಧಗಳ ಪಟ್ಟಿಯಲ್ಲಿ ನೀನು ವಾಪಸ್ ಪಡೆದ ಆ ಪ್ರಬಂಧ ಇನ್ನೂ ಇತ್ತು, ಇನ್ನೂರು ಉಲ್ಲೇಖದ ಸಮೇತ. ಅದು ಸೇರಿದರೆ ನಿನಗೆ ಅರವತ್ತೊಂದು. ಹೆಡ್‌ಕ್ಲಾರ್ಕ್ ಕೆಟ್ಟವರಲ್ಲ ಅಕ್ಕಾ. "ಹಾಗೇ ಬಿಟ್ಬಿಡು ಮರಿ, ಯಾರು ನೋಡ್ತಾರೆ? ನಿಮ್ಮಕ್ಕ ಉಳ್ಕೋತಾಳೆ" ಅಂದು ಬಾಗಿಲೆಳೆದುಕೊಂಡು ಚಹಾಕ್ಕೆ ಹೋದರು. ಅವರು ಬರುವಷ್ಟರಲ್ಲಿ ಆ ಸಾಲನ್ನು ಅಳಿಸಿದ್ದೆ. ನೀನಿದ್ದರೂ ಅದನ್ನೇ ಮಾಡುತ್ತಿದ್ದೆ ಅಂದುಕೊಂಡೆ. ಫೋನು ಮೇಜಿನ ಮೇಲೇ ಇತ್ತು, ನಿನ್ನನ್ನು ಕೇಳಲಿಲ್ಲ. ಹೋದದ್ದು ನಿನ್ನ ಕೆಲಸ, ನನ್ನದಲ್ಲ. ಬೈದಾದರೂ ಬರಿ. ಈ ಸಲ ಸುಮ್ಮನೆ ತಟ್ಟೆ ಕೆಳಗಿಡಬೇಡ.