ಆರು ಹತ್ತರ ಗಾಡಿಯ ಸಾಲು

ಮಂಗಳವಾರ, ಮಾರ್ಚ್ ೧೧
ಬೆಳಿಗ್ಗೆ, ಕಿಟಕಿಯ ಬಳಿಯ ಮೇಜಿನಿಂದ

ಪ್ರಿಯ ಶಂಖ,

ನಾನು ಕ್ಷೇಮ, ನೀನೂ ಹಾಗೆಯೇ ಇರುವೆಯೆಂದು ನಂಬಿದ್ದೇನೆ. ನಿನ್ನ ಕಾರ್ಡು ಕೈಸೇರಿ ಎಂಟು ತಿಂಗಳಾದ ಮೇಲೆ ಉತ್ತರಿಸುತ್ತಿದ್ದೇನೆ, ಕ್ಷಮಿಸು. ಇಪ್ಪತ್ತೆರಡು ವರ್ಷ ನಮ್ಮಿಬ್ಬರ ನಡುವೆ ಮಾತಿರಲಿಲ್ಲ. ನೀನು ಬರೆದದ್ದು ಎರಡೇ ಸಾಲು: ದೃಷ್ಟಿಯಿಲ್ಲದ ಮಕ್ಕಳ ಶಾಲೆಯಲ್ಲಿ ಪಾಠಗಳನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದೇನೆ, ಹದ್ದಣ್ಣ, ನೀವು ಹೇಗಿದ್ದೀರಿ? ನಾವಿಬ್ಬರೂ ಕೆಲಸಕ್ಕಿದ್ದ ಮುದ್ರಣಾಲಯದವರು ನನ್ನ ಕಣ್ಣಿಗೆ ಮೆಚ್ಚಿ ಇಟ್ಟ ಅಡ್ಡಹೆಸರನ್ನೂ ಅದಕ್ಕೆ ನೀನು ಅಂಟಿಸಿದ ‘ಅಣ್ಣ’ನನ್ನೂ ನೀನಿನ್ನೂ ಕೈಬಿಟ್ಟಿರಲಿಲ್ಲ. ಉತ್ತರಿಸಲು ಕುಳಿತಾಗಲೆಲ್ಲ ನನ್ನ ಲೇಖನಿ ಆ ಪದವನ್ನು ದಾಟಿ ಮುಂದೆ ಹೋಗಲು ಒಪ್ಪಲಿಲ್ಲ.

ಈಗ ಬರೆಯಲು ಒಂದು ಕಾರಣ ಒದಗಿದೆ. ನನ್ನ ಹಾಸಿಗೆಯ ಪಕ್ಕಕ್ಕೆ ಒಂದು ಯಂತ್ರ ಬಂದಿದೆ. ನಿಘಂಟಿನ ಒಂದು ಸಂಪುಟದಷ್ಟು ಗಾತ್ರ, ಅದರಿಂದ ಹೊರಟ ಸುಕ್ಕುಸುಕ್ಕಾದ ಕೊಳವೆ, ಕೊಳವೆಯ ತುದಿಯಲ್ಲಿ ಮೂಗನ್ನು ಮುಚ್ಚುವ ಮುಖವಾಡ. ಮಲಗಿದಷ್ಟು ಹೊತ್ತೂ ಅದು ನನ್ನ ಗಂಟಲಿಗೆ ಗಾಳಿ ಊದುತ್ತಿರುತ್ತದೆ. ನಿನಗೆ ನಗು ಬಂದೀತು. ಮೊಮ್ಮಗಳಂತೂ ಬಾಗಿಲಲ್ಲೇ ನಿಂತು, “ತಾತಾ, ನಿನ್ನ ಬಾಲ ಯಾಕೆ ಮೂಗಿಗೆ ಬಂದಿದೆ?” ಎಂದು ಕೇಳಿದಳು.

ಅದು ಬಂದ ಬಗೆಯನ್ನು ಕೇಳು. ನಿನ್ನ ಅತ್ತಿಗೆಯ ಮಂಡಿನೋವಿಗೆಂದು ವೈದ್ಯರ ಬಳಿ ಹೋಗಿದ್ದೆವು. ಸರದಿ ಕಾಯುತ್ತಾ ಬೆಂಚಿನ ಮೇಲೆ ನನಗೆ ನಿದ್ದೆ ಹತ್ತಿತು. ಗೊರಕೆಗೆ ಅಕ್ಕಪಕ್ಕದವರೆಲ್ಲ ಸರಿದು ಕುಳಿತರಂತೆ. ಆಮೇಲೆ ಗೊರಕೆ ನಿಂತಿತು. ಅದರೊಡನೆ ಉಸಿರೂ ನಿಂತಿತು. ಆ ನಿಶ್ಶಬ್ದವನ್ನು ಕೇಳಿ ವೈದ್ಯರೇ ಹೊರಗೆ ಬಂದು, ಕೈಗಡಿಯಾರ ನೋಡುತ್ತಾ ನನ್ನೆದುರು ನಿಂತರಂತೆ. “ಮಂಡಿ ಎಲ್ಲೂ ಓಡಿಹೋಗಲ್ಲ ಕಣಮ್ಮ, ಮೊದಲು ಇವರನ್ನ ಒಳಗೆ ಕರ್ಕೊಂಡು ಬನ್ನಿ,” ಎಂದರು.

“ಇದು ಇವತ್ತಿನದಲ್ಲ ಡಾಕ್ಟ್ರೇ,” ಎಂದಳು ನಿನ್ನ ಅತ್ತಿಗೆ. “ಮದುವೆಯಾದ ವರ್ಷದಿಂದ ಕೇಳ್ತಾ ಇದೀನಿ. ಉಸಿರು ನಿಂತಾಗ ಮೊಣಕೈಲಿ ಒಂದು ತಿವೀತೀನಿ. ಮತ್ತೆ ಹೊರಡ್ತಾರೆ.”

“ನನಗೆ ಒಂದು ಮಾತೂ ಹೇಳಲಿಲ್ಲವಲ್ಲ!” ಎಂದೆ.

“ಹೇಳಿದ್ದೆ. ಕೇಳ್ತಾ ಕೇಳ್ತಾನೇ ನಿದ್ದೆ ಹೋಗಿಬಿಟ್ರಿ.”

ಆಸ್ಪತ್ರೆಯಲ್ಲಿ ಮಲಗಿಸಿ, ಮೈತುಂಬ ತಂತಿ ಅಂಟಿಸಿ ಪರೀಕ್ಷಿಸಿದರು. ಗಂಟೆಗೆ ನಲವತ್ತೊಂದು ಬಾರಿ ನನ್ನ ಉಸಿರು ಕಟ್ಟುತ್ತದೆಯಂತೆ. ಗಂಟಲಿನ ಮೃದುವಾದ ಭಾಗ ಕುಸಿದು ದಾರಿ ಮುಚ್ಚುತ್ತದೆ. ಮಿದುಳು ಗಾಬರಿಯಾಗಿ ಎಬ್ಬಿಸುತ್ತದೆ. ಎದ್ದದ್ದು ಮಾತ್ರ ನನಗೆ ನೆನಪಿರುವುದಿಲ್ಲ. ಅರವತ್ತೊಂಬತ್ತು ವರ್ಷ ಜೊತೆಯಲ್ಲೇ ಇದ್ದ ಗಂಟಲು ನನ್ನ ಬೆನ್ನ ಹಿಂದೆ ಇಂಥದೊಂದು ವ್ಯವಹಾರ ನಡೆಸುತ್ತಿತ್ತೆಂದು ತಿಳಿದಾಗ ನನಗಾದದ್ದು ಭಯಕ್ಕಿಂತ ಹೆಚ್ಚಾಗಿ ಕುತೂಹಲ.

ಮೊದಲ ವಾರ ಯಂತ್ರವೂ ನಾನೂ ಒಬ್ಬರನ್ನೊಬ್ಬರು ಸಹಿಸಲಿಲ್ಲ. ಬಾಯಿ ತೆರೆದರೆ ಮೂಗಿನಿಂದ ಹೋದ ಗಾಳಿ ಬಾಯಿಂದ ಹೊರಬೀಳುತ್ತಿತ್ತು. ಎದ್ದಾಗ ನಾಲಿಗೆ ಮಸಿ ಹೀರುವ ಕಾಗದದಂತಿರುತ್ತಿತ್ತು. ಪಟ್ಟಿ ಬಿಗಿದರೆ ಮೂಗಿನ ಮೇಲೆ ಕೆಂಪು ಬರೆ, ಸಡಿಲಿಸಿದರೆ ಸಿಳ್ಳೆ. ನಾನೊಂದು ಟಿಪ್ಪಣಿ ಪುಸ್ತಕ ತೆರೆದೆ. ಎಡಕ್ಕೆ ಹೊರಳಿದರೆ ಎಷ್ಟು ಸೋರಿಕೆ, ಬಲಕ್ಕೆ ಎಷ್ಟು, ಗಾಳಿಗೆ ತೇವ ಕೊಡುವ ಪುಟ್ಟ ತೊಟ್ಟಿಯಲ್ಲಿ ನೀರು ಎಷ್ಟು ತಗ್ಗಿತು, ಎಲ್ಲವನ್ನೂ ಬರೆದಿಟ್ಟೆ. ಹನ್ನೆರಡನೆಯ ದಿನ ಯಂತ್ರವನ್ನು ಹೊಂದಿಸಿಕೊಡುವ ತಂತ್ರಜ್ಞೆ ಮನೆಗೆ ಬಂದು ಆ ಪುಸ್ತಕವನ್ನೆಲ್ಲ ತಿರುವಿದಳು. ಬಳಿಕ ನನ್ನ ಮುಖವನ್ನು ನೋಡಿ, “ಸರ್, ತಪ್ಪು ಮಾಸ್ಕ್‌ದಲ್ಲ, ನಿಮ್ಮ ಮೀಸೇದು,” ಎಂದಳು.

ನಲವತ್ತು ವರ್ಷದ ಮೀಸೆ, ಶಂಖ! ಒಂದಿಡೀ ದಿನ ಯೋಚಿಸಿ ಮಾರನೆಯ ದಿನ ತೆಗೆಸಿದೆ. ಬಾಗಿಲು ತೆರೆದ ನಿನ್ನ ಅತ್ತಿಗೆ, “ಯಾರು ಬೇಕಾಗಿತ್ತು?” ಎಂದಳು. ಆದರೆ ಸೋರಿಕೆ ನಿಂತಿತು. ಬೆಳಿಗ್ಗೆ ಯಂತ್ರದ ಪುಟ್ಟ ಪರದೆಯಲ್ಲಿ ಮೂರು ಎಂಬ ಅಂಕಿ ಇತ್ತು. ನಲವತ್ತೊಂದು ಇದ್ದದ್ದು ಮೂರು!

ಎಚ್ಚರವೆಂದರೆ ಏನೆಂಬುದು ನನಗೆ ಈಗ ತಿಳಿಯುತ್ತಿದೆ. ಅದೇ ಮಧ್ಯಾಹ್ನ ಪತ್ರಿಕೆಯ ಒಂದು ಪುಟವನ್ನು ಮೇಲಿನಿಂದ ಕೆಳಗಿನವರೆಗೆ ಓದಿದೆ. ಒಮ್ಮೆಯೂ ಓದಿದ ಸಾಲಿಗೇ ಹಿಂದಿರುಗಲಿಲ್ಲ. ಓದಿ ಮುಗಿಸಿದ ಮೇಲೆ ಒಂದು ಪ್ರಶ್ನೆ ಹುಟ್ಟಿತು. ಹಾಗಾದರೆ ಇಷ್ಟು ವರ್ಷ ನಾನು ಓದಿದ್ದು ಹೇಗೆ?

ತಂತ್ರಜ್ಞೆ ಮತ್ತೆ ಬಂದಾಗ ಹದಿನೇಳು ಪ್ರಶ್ನೆಗಳ ಪಟ್ಟಿ ಹಿಡಿದು ಕುಳಿತಿದ್ದೆ. ಐದನೆಯದು ಇದು: ಇಂಥ ರೋಗಿಗೆ ಹಗಲು ಕೆಲಸದ ನಡುವೆ ನಿದ್ದೆ ಬಂದರೆ ಅವನಿಗೇ ತಿಳಿಯುವುದಿಲ್ಲವೆ?

“ಎಷ್ಟೋ ಸಲ ಗೊತ್ತಾಗಲ್ಲ ಸರ್,” ಎಂದಳು. “ಹತ್ತು ಸೆಕೆಂಡು ಇರಬಹುದು, ಹದಿನೈದು ಇರಬಹುದು. ಕಣ್ಣು ಬಿಟ್ಕೊಂಡೇ ಇರ್ತಾರೆ. ಒಬ್ಬ ಮೇಷ್ಟ್ರು ತಮ್ಮ ನೋಟ್‌ಬುಕ್ ತಂದಿದ್ರು. ಬರೀತಾ ಬರೀತಾ ಪೆನ್ನು ಸೊಯ್ ಅಂತ ಕೆಳಗೆ ಜಾರಿದೆ, ಆಮೇಲೆ ಏನೂ ಆಗದೇ ಇರೋ ಹಾಗೆ ಮುಂದಿನ ಪದ. ಇದೇನು ಸರ್ ಅಂದ್ರೆ, ನಾನೆಲ್ಲಮ್ಮ ಮಲಗಿದ್ದೆ ಅಂತ ನನ್ನ ಮೇಲೇ ರೇಗಿದ್ರು!”

ಉಳಿದ ಹನ್ನೆರಡು ಪ್ರಶ್ನೆಗಳನ್ನು ನಾನು ಕೇಳಲಿಲ್ಲ.

ನಿನಗೆ ನೆನಪಿಸಬೇಕಾದ್ದಿಲ್ಲ, ಆದರೂ ಇದನ್ನು ನನ್ನ ಕೈಯಿಂದಲೇ ಬರೆಯಬೇಕು. ಮುದ್ರಣಾಲಯದ ಆ ಇಕ್ಕಟ್ಟಾದ ಕೋಣೆ, ಒಂದೇ ಮೇಜು, ಎದುರುಬದುರು ಎರಡು ಕುರ್ಚಿ. ನೀನು ಮೂಲಪ್ರತಿಯನ್ನು ಗಟ್ಟಿಯಾಗಿ ಓದುವವನು, ಅಲ್ಪವಿರಾಮ ಪೂರ್ಣವಿರಾಮಗಳನ್ನೂ ಬಿಡದೆ; ಅಚ್ಚಿನ ಯಂತ್ರದ ಸದ್ದನ್ನು ಮೀರುವ ಆ ಕಂಠಕ್ಕೇ ಅಲ್ಲವೆ ನಿನಗೆ ಶಂಖನೆಂದು ಹೆಸರಾದದ್ದು. ನಾನು ಕರಡಚ್ಚಿನ ಮೇಲೆ ಕಣ್ಣಿಟ್ಟು, ಸರಿಯಿದ್ದ ಪ್ರತಿ ಸಾಲಿನ ಅಂಚಿಗೂ ಸೀಸದಕಡ್ಡಿಯಿಂದ ಒಂದು ಚುಕ್ಕೆ ಇಡುವವನು. ರೈಲುಗಳ ವೇಳಾಪಟ್ಟಿಯ ಕರಡಿನಲ್ಲಿ ಸಂಜೆ ಆರು ಹತ್ತರ ಗಾಡಿಯ ಸಾಲೇ ಇರಲಿಲ್ಲ. ಅಚ್ಚಿನ ಮೊಳೆ ಜೋಡಿಸುವವನು ಅದನ್ನು ಬಿಟ್ಟಿದ್ದ. ಅದು ಹಾಗೆಯೇ ಅಚ್ಚಾಗಿ ಹೊರಬಿತ್ತು. ಗಾಡಿ ರದ್ದಾಯಿತೆಂದು ತಿಳಿದು ಜನ ಬಸ್ಸು ಹತ್ತಿದರು. ವಾರಗಟ್ಟಲೆ ಗಾಡಿ ಖಾಲಿ ಓಡಿತು.

ಮಾಲೀಕರ ಎದುರು ನೀನು ಆಡಿದ್ದು ಒಂದೇ ಮಾತು: “ಆ ಸಾಲು ನಾನು ಓದಿದೀನಿ ಸಾರ್. ಹದ್ದಣ್ಣಂಗೆ ಆಗ ಜೋಂಪು ಹತ್ತಿತ್ತು.”

ನಾನು ಕುದಿದುಹೋದೆ. “ತೂಕಡಿಸೋ ಕಣ್ಣಿಗಾ ನೀವೆಲ್ಲ ಹದ್ದು ಅಂತ ಹೆಸರಿಟ್ಟಿದ್ದು? ಇವನು ಸಾಲು ಹಾರಿಸಿ ನನ್ನ ತಲೆಗೆ ಕಟ್ತಿದಾನೆ!” ಎಂದೆ.

ಮಾಲೀಕರು ಕರಡಿನ ಹಾಳೆಯನ್ನು ತರಹೇಳಿದರು. ನಾನೇ ಹೋಗಿ ತಂದೆ. ಚುಕ್ಕೆಗಳು ಒಂದೂ ತಪ್ಪದೆ, ಒಂದೂ ಅಲುಗದೆ ಸಾಲಾಗಿದ್ದವು. “ನಿದ್ದೆ ಹೋದವನ ಕೈ ಹೀಗಿರತ್ತೇನಯ್ಯಾ?” ಎಂದು ಅವರು ನಿನ್ನನ್ನು ಕೇಳಿದರು. ನಿನ್ನನ್ನು ಕಾಗದದ ಉಗ್ರಾಣಕ್ಕೆ ಹಾಕಿದರು. ಗಟ್ಟಿಯಾಗಿ ಓದಲು ಅಲ್ಲಿ ಏನೂ ಇರಲಿಲ್ಲ. ಮೂರು ತಿಂಗಳಿಗೆ ನೀನು ಊರನ್ನೇ ಬಿಟ್ಟೆ.

ನೀನು ಆ ಸಾಲನ್ನು ಓದಿದ್ದೆ, ಶಂಖ. ನಾನು ನಿದ್ರಿಸಿದ್ದೆ. ಅದೊಂದು ರೋಗವೆಂದು ಆಗ ನಿನಗೂ ತಿಳಿಯದು, ನನಗೂ ತಿಳಿಯದು. ಆಸ್ಪತ್ರೆಯ ವರದಿಯ ಒಂದು ಪ್ರತಿಯನ್ನು ಇದರೊಡನೆ ಇಟ್ಟಿದ್ದೇನೆ. ನಲವತ್ತೊಂದು ಎಂಬಲ್ಲಿ ಅಡಿಗೆರೆ ಎಳೆದಿದ್ದೇನೆ.

ಒಳಗಿನಿಂದ ನಿನ್ನ ಅತ್ತಿಗೆ ಕೂಗುತ್ತಿದ್ದಾಳೆ: “ಅಂಚೆಯವರು ಡಬ್ಬಿ ತೆಗೆಯೋ ಹೊತ್ತಾಯ್ತು, ಮುಗಿಸ್ರೀ. ಶಂಖನ್ನ ನಾನು ಕೇಳಿದೆ ಅಂತ ಬರೀರಿ. ಒಂದು ಸಲ ಬಂದು ನಿಮ್ಮ ಮೀಸೆ ಇಲ್ಲದ ಮುಖ ನೋಡ್ಲಿ.” ಬರೆದಿದ್ದೇನೆ. ನಿನ್ನ ಗಂಟಲು ಎಂದೂ ಕಟ್ಟದಿರಲಿ. ಆ ಮಕ್ಕಳ ಕಿವಿಗೆ ನಿನ್ನ ದನಿ ಬಹುಕಾಲ ಸಿಗುತ್ತಿರಲಿ. ಒಂಬತ್ತು ವರ್ಷ ಹಿರಿಯನೆಂಬ ಸಲುಗೆಯಿಂದ ಹರಸುತ್ತಿದ್ದೇನೆ.

ನಿನ್ನ
ಹದ್ದಣ್ಣ

ಇದನ್ನು ಮರೆತ ಮಾತೆಂದು ಬರೆಯಲಾರೆ, ಮರೆತಿರಲಿಲ್ಲ. ಲಕೋಟೆಗೆ ಅಂಟು ಹಚ್ಚುವ ಮೊದಲು ವರದಿಯನ್ನು ಹೊರತೆಗೆದೆ. ಅದರ ಬದಲಿಗೆ ಆ ಕರಡಿನ ಹಾಳೆಯನ್ನೇ ಇಟ್ಟಿದ್ದೇನೆ. ನಿವೃತ್ತನಾದ ದಿನ ಅದನ್ನು ಮನೆಗೆ ತಂದಿದ್ದೆ. ಆರು ಹತ್ತರ ಸಾಲು ಇರಬೇಕಾಗಿದ್ದ ಜಾಗಕ್ಕೆ ತುಸು ಮೇಲಿನ ಚುಕ್ಕೆಯನ್ನು ನೋಡು. ಹಾಳೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿ. ಚುಕ್ಕೆಯಿಂದ ಒಂದು ಅಂಗುಲ ಕೆಳಕ್ಕೆ ಜಾರಿದ ಗೆರೆಯ ತಗ್ಗು ಕಾಗದದಲ್ಲಿ ಇನ್ನೂ ಕಾಣುತ್ತದೆ. ಸೀಸ ಕಾಣುವುದಿಲ್ಲ. ಮಾಲೀಕರು ಹಾಳೆ ತರಹೇಳಿದಾಗ ನಮ್ಮ ಕೋಣೆಗೆ ಒಬ್ಬನೇ ಹೋದೆನಲ್ಲ, ಆಗ ಆ ಗೆರೆಯನ್ನು ರಬ್ಬರಿನಿಂದ ಅಳಿಸಿದೆ. ಪುಡಿಯನ್ನು ಊದಿ, ಹಾಳೆಯನ್ನು ತಂದುಕೊಟ್ಟೆ. ಆ ಹೊತ್ತಿನಲ್ಲಿ ನಾನು ಪೂರ್ತಿ ಎಚ್ಚರವಾಗಿದ್ದೆ.